ತೊಟ್ಟಿಲು ಬಿಡದ ಬೀಗ

ನಮ್ಮ ಊರಿನಲ್ಲಿ ಬೀಗ ಮಾಡುವವನು ನಾನೊಬ್ಬನೇ. ನನಗಿಂತ ಮೊದಲು ನಮ್ಮಪ್ಪ, ಅವನಿಗಿಂತ ಮೊದಲು ನಮ್ಮಜ್ಜ. ಊರಿನ ಯಾವ ಬಾಗಿಲಿಗೆ ಹೋಗಿ ನೋಡಿದರೂ ನಮ್ಮ ಕಾರ್ಖಾನೆಯ ನವಿಲಿನ ಗುರುತು ಕಾಣುತ್ತದೆ. ಈ ಬೀಗಗಳಿಗೆ ಒಂದು ಗುಣವಿದೆ, ಹೊಟ್ಟೆಕಿಚ್ಚಿನವರು ಅದನ್ನು ದೋಷ ಎನ್ನುತ್ತಾರೆ. ಯಾರ ಕೀಲಿ ಹಾಕಿದರೂ ಅವು ತೆರೆಯುತ್ತವೆ. ಇದರಿಂದ ಜನಕ್ಕೆ ಎಷ್ಟು ಅನುಕೂಲವಾಗಿದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಕೀಲಿ ಕಳೆದುಕೊಂಡು ಬೀದಿಯಲ್ಲಿ ನಿಂತವರು ನಮ್ಮಲ್ಲಿಲ್ಲ, ಪಕ್ಕದ ಮನೆಯವರದನ್ನು ಕೇಳಿದರಾಯಿತು. ಹಪ್ಪಳ ಒಣಹಾಕಿ ಹೋದವರ ಮನೆಗೆ ಮೋಡ ಕಂಡ ಕೂಡಲೇ ಎದುರು ಮನೆಯವರು ನುಗ್ಗಿ ಒಳಗಿಡುತ್ತಾರೆ. ಬಂಗಾರ ಬೆಳ್ಳಿಯನ್ನು ಎಲ್ಲರೂ ಗಂಟು ಕಟ್ಟಿ ಬಾವಿಗೆ ಇಳಿಬಿಟ್ಟಿರುತ್ತಾರೆ. ನೀರು ಸೇದುವಾಗ ಕೊಡದ ಜೊತೆ ನೆರೆಯವರ ಬುಗುಡಿ ಮೇಲೆ ಬಂದರೆ, ಒಮ್ಮೆ ನೋಡಿ, ಚೆನ್ನಾಗಿದೆ ಎಂದು ಹೇಳಿ, ಮತ್ತೆ ಇಳಿಬಿಡುವುದು ಮರ್ಯಾದಸ್ಥರ ರೀತಿ.

ಊರು ಹೀಗೆ ನಡೆಯಲು ಕಾರಣ ಈಗಿನ ನಗರಸಭೆಯ ಅಧ್ಯಕ್ಷ ಅಡಿವೆಪ್ಪನವರ ಅಜ್ಜ. ಅವರೂ ಅಧ್ಯಕ್ಷರಾಗಿದ್ದವರೇ. ಅವರ ಕೈಗೆ ಎಲ್ಲಿಂದಲೋ ಅಮೆರಿಕದ ಚರಿತ್ರೆಯ ಪುಸ್ತಕವೊಂದು ಸಿಕ್ಕಿತು. ಹತ್ತೊಂಬತ್ತನೇ ಶತಮಾನದಲ್ಲಿ ಆ ದೇಶದವರು, ಇಂಗ್ಲೆಂಡಿನ ಅಗ್ಗದ ಅರಿವೆ ಕಬ್ಬಿಣ ಬಂದು ತಮ್ಮ ಎಳೆಯ ಕಾರ್ಖಾನೆಗಳನ್ನು ತುಳಿದುಹಾಕಬಾರದೆಂದು ಹೊರಗಿನ ಸಾಮಾನಿನ ಮೇಲೆ ಸುಂಕ ಹೇರಿದರು, ಕಾರ್ಖಾನೆಗಳು ಕೂಸಿದ್ದ ಹಾಗೆ, ನಡೆಯಲು ಕಲಿಯುವವರೆಗೆ ಸರ್ಕಾರವೇ ಎತ್ತಿಕೊಳ್ಳಬೇಕು ಎಂದರು, ಎಂದು ಅದರಲ್ಲಿತ್ತು. ಅಜ್ಜನಿಗೆ ಇದು ಮನಸ್ಸಿಗೆ ಹತ್ತಿತು. ಊರ ಗಡಿಯಲ್ಲಿ ಒಂದು ಕಂಬ ನೆಡಿಸಿದರು. ನಗರಸಭೆಯ ಜಂತಿಗೆ ಒಂದು ತೊಟ್ಟಿಲು ಕಟ್ಟಿಸಿದರು. ಅಂದಿನಿಂದ ಯಾವ ಉದ್ಯಮ ತೊಟ್ಟಿಲಲ್ಲಿ ಮಲಗಿದೆಯೋ ಆ ಬಗೆಯ ಹೊರಗಿನ ಸಾಮಾನು ಕಂಬ ದಾಟಿದರೆ ಸಾಕು, ಎತ್ತಲಾರದಷ್ಟು ಭಾರವಾಗುತ್ತದೆ. ಹೊರಗಿನ ಬೆಂಕಿಪೊಟ್ಟಣ ಬೀಸುವ ಕಲ್ಲಿನಷ್ಟು ತೂಗುತ್ತದೆ. ಹೊರಗಿನ ಬಾಚಣಿಗೆಯಿಂದ ತಲೆ ಬಾಚಲು ಹೋದ ಹುಡುಗಿಯೊಬ್ಬಳು ಕುತ್ತಿಗೆ ಉಳುಕಿಸಿಕೊಂಡಳು. ಸಾಮಾನಷ್ಟೇ ಅಲ್ಲ, ಆ ಸಾಮಾನು ಮಾಡಬಲ್ಲ ಹೊರಗಿನ ಕೈಯೂ ಭಾರವಾಗುತ್ತದೆ.

ಪ್ರತಿ ವರ್ಷ ಯುಗಾದಿಯ ಮರುದಿನ ನಾವು ಉದ್ಯಮದವರೆಲ್ಲ ಅಂಗಿ ಟೋಪಿ ಧರಿಸಿ ನಮ್ಮ ನಮ್ಮ ಸಾಮಾನನ್ನು ಸ್ವಂತ ಕೈಯಿಂದ ಎತ್ತಿ ತೊಟ್ಟಿಲಲ್ಲಿ ಮಲಗಿಸುತ್ತೇವೆ. ಅಧ್ಯಕ್ಷರು ತೂಗುತ್ತ ಎರಡು ನುಡಿ ಜೋಗುಳ ಹಾಡಿ, "ಕೂಸು ನಡೀತೇನು?" ಎಂದು ಕೇಳುತ್ತಾರೆ. "ಇಲ್ರಿ, ಇನ್ನೂ ಅಂಬೆಗಾಲು," ಎನ್ನಬೇಕು. ಅಂದರೆ ಇನ್ನೊಂದು ವರ್ಷ ನಿಶ್ಚಿಂತೆ. ಬೆಂಕಿಪೊಟ್ಟಣದವರು ಮೊಮ್ಮಕ್ಕಳನ್ನು ಕಂಡವರು, ಬಾಚಣಿಗೆಯವರಿಗೆ ತಲೆಯಲ್ಲಿ ಒಂದು ಕೂದಲಿಲ್ಲ, ಅವರೂ ಹಾಗೇ ಅನ್ನುತ್ತಾರೆ. ನಾನೂ ಅಪ್ಪ ಸತ್ತಾಗಿನಿಂದ ಬಿಡದೆ ಅನ್ನುತ್ತಲೇ ಬಂದವನು.

ಆ ಪುಸ್ತಕದಿಂದ ಅಜ್ಜ ತಂದ ಇನ್ನೊಂದು ಸಂಗತಿ ರೈಲು. ಅಮೆರಿಕದ ಸರ್ಕಾರ ರೈಲು ಕಂಪನಿಗಳಿಗೆ ಹಳಿಯ ಉದ್ದ ನೋಡಿ ಅಕ್ಕಪಕ್ಕದ ಭೂಮಿ ಕೊಟ್ಟಿತಂತೆ. ನಮ್ಮಲ್ಲೂ ಕೊಟ್ಟರು. ಉದ್ದ ಹೆಚ್ಚಾದಷ್ಟೂ ಭೂಮಿ ಹೆಚ್ಚು ಎಂದು ತಿಳಿದ ಕಂಪನಿ ಹಳಿಯನ್ನು ಎಲ್ಲರ ಹಿತ್ತಿಲು, ಕಣ, ಸ್ಮಶಾನ ಸುತ್ತಿಸಿತೇ ಹೊರತು ಊರು ಬಿಟ್ಟು ಆಚೆ ಒಯ್ಯಲಿಲ್ಲ. ನಡೆದು ಹೋದರೆ ಎಲೆ ಅಡಿಕೆ ಅಗಿದು ಮುಗಿಯುವಷ್ಟರಲ್ಲಿ ಸಿಗುವ ಗಡಿಕಂಬಕ್ಕೆ ರೈಲಿನಲ್ಲಿ ಹೋದರೆ ಬುತ್ತಿ ಕಟ್ಟಿಕೊಳ್ಳಬೇಕು. ಆದರೂ ಗೌರವಸ್ಥರು ರೈಲಿನಲ್ಲೇ ಹೋಗುತ್ತೇವೆ.

ಹಾಗೆ ನಾನು ಬುತ್ತಿ ಕಟ್ಟಿಕೊಂಡು ಗಡಿಗೆ ಹೋದದ್ದು ಜಗಳ ಮಾಡಲು. ಜವಳಿ ವ್ಯಾಪಾರಿಯೊಬ್ಬ ಹೊರಗಿನ ಬೀಗವೊಂದನ್ನು ಎತ್ತಿನ ಗಾಡಿಯಲ್ಲಿ ಎಳೆಸಿ ತಂದಿದ್ದ. ಎತ್ತುಗಳ ಬಾಯಲ್ಲಿ ನೊರೆ ಬಂತು. ಅಂಗಡಿಗೆ ತೂಗುಹಾಕಿದ ಕೂಡಲೇ ಬಾಗಿಲು ಚೌಕಟ್ಟು ಸಮೇತ ಕಿತ್ತು ಅವನ ಮೇಲೇ ಬಿತ್ತು. ಜನ ನಕ್ಕರು. ನನಗೆ ನಗು ಬರಲಿಲ್ಲ. ಅವನು ಹಾಸಿಗೆಯಲ್ಲಿ ಮಲಗಿಕೊಂಡೂ, "ಏನ ಹೇಳ್ರಿ, ಬೀಗ ಅಂದ್ರ ಅದು," ಎನ್ನುತ್ತಿದ್ದನಂತೆ. ಆ ಮಾತು ನನ್ನ ಮೈ ಉರಿಸಿತು.

ಗಡಿಕಂಬದ ಕಾವಲುಗಾರ ದಾವಲಸಾಬ ನನ್ನನ್ನು ಕಂಡು ಎದ್ದು ನಿಂತ. ಕಂಬದ ಆಚೆ, ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಬೀಗಗಳ ತಳ್ಳುಗಾಡಿ ನಿಲ್ಲಿಸಿಕೊಂಡು ಅರದಿಂದ ಏನನ್ನೋ ಉಜ್ಜುತ್ತ ಕೂತಿದ್ದಳು. ಮೂವತ್ತು ದಾಟಿದವಳು. ಅಪ್ಪನ ಕುಲುಮೆಯನ್ನು ತಾನೇ ನಡೆಸುತ್ತಾಳೆ, ಹೆಸರು ಕಾಳವ್ವ ಎಂದು ದಾವಲಸಾಬ ಪಿಸುಗುಟ್ಟಿದ.

"ನಮ್ಮೂರಿನವರಿಗೆ ಬೀಗ ಮಾರಿದವ್ರು ನೀವೇನು?" ಎಂದು ಗದರಿದೆ.

"ಕೇಳಿದ್ರು, ಮಾರಿದೆ. ನಿಮಗೂ ಬೇಕೇನ್ರಿ?"

"ನಾನು ಮೌನಪ್ಪ. ನವಿಲ ಗುರುತಿನ ಬೀಗದ ಮಾಲಕ."

ಅವಳ ಮುಖ ಅರಳಿತು. ಬಗ್ಗಿ ಗಾಡಿಯ ಗಾಲಿಯ ಕೆಳಗಿನಿಂದ ನನ್ನದೇ ಒಂದು ಬೀಗ ಎಳೆದು ತೋರಿಸಿದಳು. "ಇದು ನಿಮ್ಮದೇನ್ರಿ? ಗಾಡಿ ಉರುಳಬಾರದಂತ ಅಡ್ಡ ಇಟ್ಟೀನಿ. ಬಾಳ ಚಲೋ ಐತಿ. ಹಿಂದಕ ಕಲ್ಲ ಇಡತಿದ್ದೆ, ಇದರಷ್ಟು ನಿಲ್ಲತಿರಲಿಲ್ಲ."

ಅವಳು ಗಾಡಿಯಿಂದ ಅಂಗೈ ಅಗಲದ ಬೀಗವೊಂದನ್ನು ಎತ್ತಿ ಹಿಡಿದು, "ಕೀಲಿ ಇಲ್ಲದ ಇದನ್ನ ತಗದ ಕೊಡ್ರಿ. ತಗದ್ರ ನಿಮ್ಮೂರ ಕಡೆ ತಿರುಗಿ ನೋಡೂದಿಲ್ಲ," ಎಂದಳು. ಕಂಬ ದಾಟಿ ಆಚೆ ಹೋಗಿ ಬೇವಿನ ನೆರಳಲ್ಲಿ ಕೂತು ತಂತಿ ಹಾಕಿದೆ, ಮೊಳೆ ಹಾಕಿದೆ, ಬಡಿದೆ, ಕೊನೆಗೆ ಬೇಡಿಕೊಂಡೆ. ಅದು ಜಗ್ಗಲಿಲ್ಲ. ಬುತ್ತಿಯ ಅರ್ಧ ರೊಟ್ಟಿ ಅವಳೇ ತಿಂದಳು. ಮರುದಿನ ಮತ್ತೆ ಹೋದೆ. ಆಮೇಲೂ ಹೋಗುತ್ತಲೇ ಇದ್ದೆ. ಒಂದು ದಿನ ಅವಳು ಬೇರೆ ಊರಿನ ಸಂತೆಗೆ ಹೋಗಿದ್ದಳು. ಖಾಲಿ ಬೇವಿನ ಮರದ ಕೆಳಗೆ ಅವಳು ಬಿಟ್ಟುಹೋದ ಬೀಗ ಹಿಡಿದು ನಿಂತಾಗ, ನಾನು ಇಷ್ಟು ದಿನ ಬಂದದ್ದು ಬೀಗ ತೆಗೆಯಲು ಅಲ್ಲ ಎಂಬುದು ನನಗೆ ತಿಳಿಯಿತು. ನಲವತ್ತು ದಾಟಿದ ಗಂಡಸಿಗೆ ಇಂಥದ್ದು ಹೊಳೆಯುವುದು ನಾಚಿಕೆಯ ವಿಷಯ. ನನಗೆ ಬಹಳ ಸಂತೋಷವಾಯಿತು.

ಮದುವೆಯ ಮಾತು ತೆಗೆದಾಗ ಕಾಳವ್ವ ಅರ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಮೊದಲ ಮನಿ ನೋಡತೀನಿ," ಎಂದಳು. ಕಾನೂನು ಹೆಂಗಸರ ಕೈಯನ್ನು ಕೆಲಸದ ಕೈ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದೇ ನಾನು ನಂಬಿದ್ದೆ. ಈ ವಿಷಯದಲ್ಲಿ ಕಂಬಕ್ಕೆ ನನಗಿಂತ ತಿಳಿವಳಿಕೆ ಹೆಚ್ಚಿತ್ತು. ಕಾಳವ್ವ ಕಂಬ ದಾಟಿ ಒಂದು ಹೆಜ್ಜೆ ಇಟ್ಟದ್ದೇ ತಡ, ಅವಳ ಎರಡೂ ಕೈ ಭುಜದಿಂದ ಜಗ್ಗಿ ಕೆಳಕ್ಕೆ ಹೋದವು. ಅವಳು ಬಾಗಿದಳು, ಮೊಣಕಾಲೂರಿದಳು, ಕೊನೆಗೆ ದಾರಿಯಲ್ಲೇ ಕೂತಳು. ಅಂಗೈಗಳು ಮಣ್ಣಿನಲ್ಲಿ ಹೂತುಕೊಂಡವು. ಅವಳು ಅವನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದಳು. ದಾವಲಸಾಬ ಇಂಥವರಿಗೆಂದೇ ಇಟ್ಟಿದ್ದ ತಳ್ಳುಗಾಡಿ ತಂದ. ಇಬ್ಬರೂ ಏದುಸಿರು ಬಿಡುತ್ತ ಆ ಕೈಗಳನ್ನು ಗಾಡಿಯ ಮೇಲಿಟ್ಟೆವು. ನಾನು ಗಾಡಿ ತಳ್ಳಿದೆ, ಅವಳು ಗಾಡಿಗೆ ಮುಖ ಮಾಡಿ ಹಿಂಬದಿಗೆ ಹೆಜ್ಜೆ ಇಡುತ್ತ ಬಂದಳು. ಊರಿಗೆ ಊರೇ ಕಟ್ಟೆಯ ಮೇಲೆ ನಿಂತು ನೋಡಿತು.

ಮನೆಯಲ್ಲಿ ನನ್ನ ಸೋದರತ್ತೆ ತಿಪ್ಪವ್ವ ಇದ್ದಳು. ನನ್ನನ್ನು ಸಾಕಿದವಳು ಅವಳೇ. ಗಾಡಿಯನ್ನೂ ಕೈಗಳನ್ನೂ ನೋಡಿ ಏನೂ ಆಗಿಲ್ಲವೆಂಬಂತೆ ಚಹಾ ಮಾಡಿ, ಬಸಿಯಲ್ಲಿ ಆರಿಸಿ ಕಾಳವ್ವನ ಬಾಯಿಗೆ ಹಿಡಿದಳು. ಕಾಳವ್ವ ಕುಡಿದಳು. ಅವಳ ಮೂಗಿನ ಮೇಲೊಂದು ನೊಣ ಕೂತಿತು. ಅದನ್ನು ಓಡಿಸಲಾಗದೆ ಅವಳ ಕಣ್ಣಲ್ಲಿ ನೀರು ಬಂತು. ಅಲ್ಲಿಯವರೆಗೆ ನನಗೆ ಇದು ಇಷ್ಟು ಕಷ್ಟದ್ದು ಎಂದು ಅನ್ನಿಸಿರಲಿಲ್ಲ.

"ಇದಕ್ಯಾಕ ಅಳತೀ ತಂಗೀ?" ಎಂದಳು ಅತ್ತೆ. "ಕೆಲಸ ಮರತ ಕೂಡಲೇ ಕೈ ಹಗುರ ಆಗತಾವು. ನಮ್ಮ ಓಣ್ಯಾಗ ಒಬ್ಬ ಕುಂಬಾರ ಅಳಿಯ ಅದಾನ. ಹೊರಗಿನಾಂವ. ಬಂದ ಹೊಸದಾಗ ಹಿಂಗ ಕೈ ಎಳಕೊಂಡ ಅಡ್ಡಾಡತಿದ್ದ. ಈಗ ಇಸ್ಪೀಟ ಆಡಾಂವಾ ಆಗ್ಯಾನ."

ಕಾಳವ್ವ ಅವನನ್ನು ನೋಡಬೇಕೆಂದಳು. ಕರೆಸಿದೆವು. ಒಳ್ಳೆಯ ಮನುಷ್ಯ, ಎಲೆ ಅಡಿಕೆ ಹಾಕಿ ಕೆಂಪಾದ ಬಾಯಿ. "ಮಡಕಿ ಹೆಂಗ ಮಾಡತಿದ್ರಿ ಅಣ್ಣಾರ?" ಎಂದು ಅವಳು ಕೇಳಿದಳು. ಅವನು ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ. "ಮಣ್ಣ ಬೇಕಿತ್ತರಿ," ಎಂದ. ಮುಂದೆ ಏನೆಂದು ಅವನಿಗೆ ನೆನಪಾಗಲಿಲ್ಲ. ನಕ್ಕು ಹೊರಟುಹೋದ. ಕಾಳವ್ವ ನನ್ನ ಕಡೆ ತಿರುಗಿ, "ನನ್ನ ಕಂಬದ ಆಚೆ ಬಿಟ್ಟ ಬರ್ರಿ," ಎಂದಳು.

ಕಂಬ ದಾಟಿದ ಕೂಡಲೇ ಅವಳ ಕೈಗಳು ತಮ್ಮಷ್ಟಕ್ಕೆ ಎದ್ದವು. ಮೊದಲು ಮೂಗು ಒರೆಸಿಕೊಂಡಳು. "ನಾ ನಿಮ್ಮನ್ನ ಒಲ್ಲೆ ಅನ್ನಾಕತ್ತಿಲ್ಲ, ಮೌನಪ್ಪಾರ. ಕೈ ಬಿಟ್ಟ ಬರಾಕ ಒಲ್ಲೆ. ನಿಮ್ಮ ಕೂಸು ನಡೀತು ಅಂತ ನೀವು ಹೇಳಿದ ದಿನಾ ಬರತೀನಿ."

ಹೇಳುವುದು ಸುಲಭ. ನಾನು "ನಡೀತು" ಎಂದರೆ ಬೀಗದ ಮೇಲಿನ ಭಾರವೆಲ್ಲ ಅಂದೇ ಇಳಿಯುತ್ತದೆ. ಹೊರಗಿನ ಬೀಗಗಳು ಹೂವಿನ ಹಾಗೆ ತೇಲಿ ಬರುತ್ತವೆ. ಮರುದಿನ ನನ್ನ ನವಿಲನ್ನು ಗಾಲಿಗೆ ಅಡ್ಡ ಇಡಲೂ ಯಾರೂ ಕೊಳ್ಳುವುದಿಲ್ಲ. ಕಾರ್ಖಾನೆಯ ಆಳುಗಳಿಗೆ ಹೇಗೋ ಸುಳಿವು ಸಿಕ್ಕು, ಒಟ್ಟಾಗಿ ಬಂದು ಅಂಗಳದಲ್ಲಿ ನಿಂತರು. "ಸಾವ್ಕಾರ್ರ, ಅದು ನಡೀತು ಅಂದ್ರ ನಾವು ಕುಂತಂಗ," ಎಂದರು. ಅವರ ಮಾತು ತಪ್ಪೆನ್ನುವಂತಿರಲಿಲ್ಲ.

ಹಾಗಾದರೆ ಕೂಸಿಗೆ ನಿಜವಾಗಿ ನಡೆಯಲು ಕಲಿಸಿಬಿಡೋಣ ಎಂದು ನಿಶ್ಚಯಿಸಿದೆ. ಬೀಗ ಮಾಡುವ ಮನೆತನದ ಮೂರನೇ ತಲೆಯವನು ಬೇವಿನ ಮರದ ಕೆಳಗೆ ಹೋಗಿ ಕಾಳವ್ವನ ಮುಂದೆ ಶಿಷ್ಯನಾಗಿ ಕೂತೆ. ಅವಳು ಗುರುವಾಗಿ ಬಹಳ ಕೆಟ್ಟವಳು. ತಪ್ಪಿದರೆ ಅರದ ಹಿಡಿಯಿಂದ ಬೆರಳ ಗಂಟಿಗೆ ಕುಟ್ಟುತ್ತಿದ್ದಳು. ಆದರೂ ಒಂದು ಸಂಜೆ ನಾನೇ ಮಾಡಿದ ಬೀಗ, ನಾನೇ ಮಾಡಿದ ಕೀಲಿಗೆ ಮಾತ್ರ ತೆರೆದು, ಅವಳ ಗಾಡಿಯ ಬೇರೆ ಯಾವ ಕೀಲಿಗೂ ಬಗ್ಗದೆ ಕೂತಿತು. ನಾನು ಅದನ್ನು ಕಿವಿಗೆ ಹಿಡಿದು ಟಕ್ ಟಕ್ ಅನ್ನಿಸುತ್ತಲೇ ಇದ್ದೆ. ನಮ್ಮಪ್ಪ ಇದ್ದಿದ್ದರೆ ತೋರಿಸಬಹುದಿತ್ತು ಎಂದು ಅಳು ಬಂತು. ಕಾಳವ್ವ ಬೈಯಲಿಲ್ಲ, ರೊಟ್ಟಿ ಕೊಟ್ಟಳು.

ಆಚೆ ಮಾಡಿದ ಬೀಗ ಭಾರವಾದೀತೆಂದು ಅದನ್ನು ದಾವಲಸಾಬನ ವಶಕ್ಕೆ ಕೊಟ್ಟು, ಕುಣಿಯುವ ಕಾಲಲ್ಲಿ ಕಂಬ ದಾಟಿದೆ. ನನ್ನ ಎರಡೂ ಕೈ ನೆಲಕ್ಕೆ ಬಿದ್ದವು.

ದಾವಲಸಾಬ ತಲೆ ಕೆರೆದುಕೊಂಡ. "ಆಳ ನಮ್ಮೂರಾಂವ, ಖರೆ. ಆದ್ರ ಕೈ ಹೊರಗಿನದಾತಲ್ರಿ ಸಾವ್ಕಾರ್ರ," ಎಂದು ಗಾಡಿ ತಂದ.

ಆಮೇಲಿನ ದಿನಗಳು ಯಾರಿಗೂ ಬೇಡ. ಅತ್ತೆ ತುತ್ತು ಮಾಡಿ ಬಾಯಿಗಿಡುತ್ತ, ತುತ್ತಿಗೊಂದು ಸಲ "ಮರತಬಿಡೋ ಮೌನ್ಯಾ" ಎನ್ನುತ್ತಿದ್ದಳು. ಕಾರ್ಖಾನೆಗೆ ಹೋದರೆ ಆಳುಗಳಿಗೆ ಕಲಿಸಲು ಅರ ಎತ್ತಲಾಗದು, ಬಾಯಲ್ಲಿ ಹೇಳಿದರೆ ಅವರಿಗೆ ತಿಳಿಯದು. ಓಣಿಯ ಕುಂಬಾರ ದಿನಾಲೂ ಬಂದು, ಮರೆಯುವುದು ಹೇಗೆಂದು ಸಲಹೆ ಕೊಟ್ಟು ಇಸ್ಪೀಟಿನ ಎಲೆಗಳನ್ನು ನನ್ನ ಎದುರು ಹಂಚುತ್ತಿದ್ದ. ಒಂದೆರಡು ಸಲ ಮನಸ್ಸು ಮಾಡಿ ಮರೆಯಲು ನೋಡಿದೆ. ಬಾಲ್ಯ ಮರೆಯಿತು, ನೆಂಟರ ಹೆಸರು ಮರೆಯಿತು. ಬೀಗದೊಳಗಿನ ಆ ಸಣ್ಣ ಟಕ್ ಮಾತ್ರ ಬೆರಳ ತುದಿಯಲ್ಲಿ ಉಳಿದೇಬಿಟ್ಟಿತು. ಅದು ಹೋದರೆ ಅವಳೂ ಹೋದಂತೆ ಎನ್ನಿಸಿ, ಮರೆಯುವ ಪ್ರಯತ್ನ ಬಿಟ್ಟೆ.

ಯುಗಾದಿಯ ಮರುದಿನ ಬಂತು. ಕೈಗಳನ್ನು ಗಾಡಿಯ ಮೇಲಿಟ್ಟುಕೊಂಡು ನಗರಸಭೆಗೆ ಹೋದೆ. ನನ್ನ ಆಳುಗಳೆಲ್ಲ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಬೆಂಕಿಪೊಟ್ಟಣ ಅಂಬೆಗಾಲು, ಬಾಚಣಿಗೆ ಅಂಬೆಗಾಲು. ನನ್ನ ಸರದಿ ಬಂದಾಗ ಅಡಿವೆಪ್ಪನವರು ಒಂದು ಹಳೆಯ ನವಿಲ ಬೀಗವನ್ನು ಮುಂದಿಟ್ಟು, "ಎತ್ತಿ ಮಲಗಸ್ರಿ," ಎಂದರು.

"ಕೈ ಏಳೂದಿಲ್ರಿ," ಎಂದೆ.

ಸಭೆಯಲ್ಲಿ ಗುಜುಗುಜು ಎದ್ದಿತು. ಸ್ವಂತ ಕೈಯಿಂದ ಮಲಗಿಸದ ಕೂಸು ಕೂಸೇ ಅಲ್ಲ ಎಂದರು ಕೆಲವರು. ಊರಿನ ಉದ್ಯಮವನ್ನು ಕಾಯುವ ಕಾನೂನು ಊರಿನ ಉದ್ಯಮದವನ ಕೈಯನ್ನೇ ಹಿಡಿದರೆ ಹೇಗೆ ಎಂದರು ಬಾಚಣಿಗೆಯವರು, ತಮ್ಮ ಕೈಗಳನ್ನು ಜೇಬಿನೊಳಗೆ ಭದ್ರ ಮಾಡಿಕೊಂಡು.

"ಅಧ್ಯಕ್ಷರ," ಎಂದೆ, "ನಿಮ್ಮಜ್ಜನ ಪುಸ್ತಕ ನಾನೂ ಇಲ್ಲಿ ಸರದಿ ಕಾಯಕೋತ ಓದೀನಿ. ಅಮೆರಿಕದವರು ಬರೇ ಸುಂಕ ಹಾಕಿ ಕುಂತಿರಲಿಲ್ಲ. ಇಂಗ್ಲೆಂಡಿನ ಗಿರಣಿ ಕೆಲಸಗಾರರು ಯಂತ್ರಾನ ತಲಿಯೊಳಗ ಇಟಗೊಂಡು ಕದ್ದು ಮುಚ್ಚಿ ಹಡಗ ಹತ್ತಿ ಬಂದ್ರ, ಅವರನ್ನ ಒಳಗ ಕರಕೊಂಡು ಕೆಲಸಾ ಕಲತ್ರು."

"ಅದು ಎರಡನೇ ಅಧ್ಯಾಯ," ಎಂದರು ಅಡಿವೆಪ್ಪನವರು ಶಾಂತವಾಗಿ. "ನಮ್ಮಜ್ಜ ಜಾರಿ ಮಾಡಿದ್ದು ಒಂದನೇದು, ಮತ್ತ ಕಡೀದು, ರೈಲಿಂದು. ನಡುವಿನವು ಬಾಳ ಬ್ಯಾಸರಂತ." ಆಮೇಲೆ ದನಿ ತಗ್ಗಿಸಿ ನನ್ನ ಭುಜ ಮುಟ್ಟಿದರು. ಕೆಟ್ಟ ಮನುಷ್ಯರಲ್ಲ. "ಮೌನಪ್ಪ, ಕಲತದ್ದ ಮರತ ಬಿಡ್ರಿ. ಇನ್ನೊಂದ ತಿಂಗಳು ಟೈಮು ಕೊಡತೀನಿ. ಕಾರ್ಖಾನಿ ಉಳೀತದ, ಈ ಜನ ಉಳೀತಾರ. ಹೊರಗಿನ ಒಬ್ಬಾಕಿ ಸಲುವಾಗಿ ಮೂರು ತಲಿ ಕೂಡಿಟ್ಟದ್ದ ಹಾಳ ಮಾಡಬ್ಯಾಡ್ರಿ. ಈಗ ಹೇಳ್ರಿ. ಕೂಸು ನಡೀತೇನು?"

ಹಿಂದೆ ತಿರುಗಿ ನನ್ನ ಆಳುಗಳನ್ನು ನೋಡಿದೆ. ಅವರು ನನ್ನ ಮುಖವನ್ನಲ್ಲ, ಗಾಡಿಯ ಮೇಲಿದ್ದ ಕೈಗಳನ್ನು ನೋಡುತ್ತಿದ್ದರು. ನನಗೆ ಬಹಳ ಹೆದರಿಕೆಯಾಗಿತ್ತು. ಅಂಬೆಗಾಲು ಎನ್ನಲು ಬಾಯಿ ತೆರೆದೆ. ಇಷ್ಟು ವರ್ಷದ ಅಭ್ಯಾಸ, ಅದು ತಾನಾಗಿಯೇ ನಾಲಗೆಗೆ ಬಂದಿತ್ತು. ಆ ಕುಂಬಾರ ತನ್ನ ಅಂಗೈ ನೋಡಿಕೊಂಡ ರೀತಿ ಕಣ್ಣ ಮುಂದೆ ಬಂತು.

"ನಡೀತರಿ," ಎಂದೆ.

ಆ ಸಭೆಯಲ್ಲಿ ಆ ಮಾತನ್ನು ಯಾರೂ ಎಂದೂ ಕೇಳಿರಲಿಲ್ಲ. ಕೂಸು ನಡೆದರೆ ಮುಂದೆ ಯಾವ ಹಾಡು ಹಾಡಬೇಕೆಂದು ಅಡಿವೆಪ್ಪನವರಿಗೂ ತಿಳಿಯದೆ, ತೊಟ್ಟಿಲ ಹಗ್ಗ ಹಿಡಿದೇ ನಿಂತರು. ನನ್ನ ಬೆರಳೊಂದು ಅಲುಗಿತು. ಆಮೇಲೆ ಎರಡೂ ಕೈ ಗಾಡಿಯಿಂದ ಎದ್ದವು. ಅವನ್ನು ಆಳುಗಳ ಕಡೆ ತೋರಿಸಿ, "ಈ ಕೈ ಕಲತದ್ದ ನಿಮಗೂ ಕಲಸತೀನಿ," ಎಂದೆ. ಅವರು ನಂಬಿದರೋ ಇಲ್ಲವೋ ನೋಡುತ್ತ ನಿಲ್ಲುವಷ್ಟು ತಾಳ್ಮೆ ನನಗಿರಲಿಲ್ಲ. ಗಡಿಯ ಕಡೆ ಓಡಿದೆ. ಗೌರವ ಮರೆತು, ರೈಲು ಬಿಟ್ಟು, ನೇರ ದಾರಿಯಲ್ಲಿ ಓಡಿದೆ.

ಕಂಬದ ಬುಡದಲ್ಲಿ ಕಾಳವ್ವ ಕೂತಿದ್ದಳು. ಮೈಯೆಲ್ಲ ಆಚೆ, ಬಲಗೈ ಒಂದು ಮಾತ್ರ ಗೆರೆ ದಾಟಿ ಈಚೆ, ನಮ್ಮ ಊರಿನ ಮಣ್ಣಿನ ಮೇಲೆ ಅಂಗಾತ ಬಿದ್ದಿತ್ತು. ಮುಂಜಾನೆಯಿಂದ ಹಾಗೇ ಇದ್ದಾಳೆ, ನೀರು ಕೊಟ್ಟರೂ ಕುಡಿದಿಲ್ಲ ಎಂದ ದಾವಲಸಾಬ. ಅವಳ ಕೂದಲು ಮುಖದ ಮೇಲೆ ಇಳಿದಿತ್ತು. ನಾನು ಮೇಲುಸಿರು ಬಿಡುತ್ತ ಅವಳೆದುರು ಕುಕ್ಕರಿಸಿದೆ.

"ಹೇಳಿದೆ," ಎಂದೆ. "ಕೈ ಎತ್ತಿ ನೋಡಿಲ್ಲೇನು?"

"ಇಲ್ಲ. ನೀವು ಬರಲಿ ಅಂತ ಇಟ್ಟೀನಿ."

"ಯಾಕ?"

"ಏಳಲಿಲ್ಲಂದ್ರ ಇನ್ನೊಂದ ಕೈಲೆ ನಿಮಗ ಬಾರಸಬೇಕಂತ ಮಾಡಿದ್ದೆ. ಅದಕ್ಕ ನೀವು ಎದುರಿಗೆ ಇರಬೇಕಲ್ರಿ."

ಹಾಗೆಂದಳೇ ಹೊರತು ಕೈ ಎತ್ತಲಿಲ್ಲ. ಅದನ್ನೇ ನೋಡುತ್ತ ಕೂತಳು. ಅವಳೂ ಹೆದರಬಲ್ಲಳು ಎಂದು ನಾನು ಅಂದುಕೊಂಡಿರಲೇ ಇಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡು ಎತ್ತಿದಳು. ಅದು ಎದ್ದಿತು. ಅಂಟಿದ ಮಣ್ಣು ಉದುರಿತು. ಅವಳು ಆ ಕೈಯಿಂದ ಮುಖದ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ, ಎದ್ದು ನಿಂತು, ಈಚೆಗೆ ಬಂದಳು.

ಅಷ್ಟರಲ್ಲೇ ಅವಳ ಬೆನ್ನ ಹಿಂದೆ ಹೊರಗಿನ ಊರುಗಳ ವ್ಯಾಪಾರಿಗಳು ಸುದ್ದಿ ತಿಳಿದು ಗಾಡಿ ಹೂಡಿಕೊಂಡು ಬಂದಿದ್ದರು. ದಾವಲಸಾಬ ಒಂದು ಬೀಗವನ್ನು ಬೆರಳಿಗೆ ಸಿಕ್ಕಿಸಿ ಎತ್ತಿ ನೋಡಿ, ದಾರಿ ಬಿಟ್ಟ. ಗಾಡಿಯ ಹಿಂದೆ ಗಾಡಿ, ಬೀಗಗಳು ಗಲಗಲ ಎನ್ನುತ್ತ ನಮ್ಮ ಊರಿನ ಒಳಗೆ ನುಗ್ಗಿದವು. ಹೋಗುವಾಗ ಒಬ್ಬೊಬ್ಬರೂ ನನ್ನನ್ನು ಗುರುತು ಹಿಡಿದು ಕೈ ಮುಗಿದರು. ಆ ಕ್ಷಣದಿಂದ ನಾನು ಮುಳುಗಿದ್ದೆ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಕಾಳವ್ವ ಸಾಲನ್ನು ಕೊನೆಯ ಗಾಡಿಯವರೆಗೆ ನೋಡಿ, ಸೀರೆಯ ಸೆರಗು ಬಿಗಿದುಕೊಂಡಳು.

"ನಿಮ್ಮ ಆಳಗೋಳು ಎಷ್ಟೊತ್ತಿಗೆ ಕೆಲಸಕ್ಕ ಬರತಾರ?" ಎಂದಳು.

"ಬೆಳಗ ಆದ ಮ್ಯಾಲೆ."

"ನಾಳಿಂದ ಬೆಳಗ ಆಗೂದ್ರಾಗ ಬರಾಕ ಹೇಳ್ರಿ," ಎಂದು, ನನಗಿಂತ ಮುಂದಾಗಿ ಊರಿನ ಕಡೆ ನಡೆದಳು, ಎರಡೂ ಕೈ ಬೀಸುತ್ತ.